ಫೋಟೋ ಸಮದಣ್ಣ ಅಳಿಸಿದ ಏಳು ವರ್ಷ

ಬಬಲೇಶ್ವರದಲ್ಲಿ ಬೆಳಗಿನ ಆರೂಮುಕ್ಕಾಲು. ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಎಪ್ಪತ್ತಾರರ ರುದ್ರವ್ವ ತಮ್ಮ ಮನೆಯ ಕಟ್ಟೆ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ. ಅವರ ಬೆನ್ನ ಹಿಂದೆ ಸೊಸೆ ಒಂದು ಬಿಳಿ ಧೋತರದ ಎರಡೂ ತುದಿ ಎತ್ತಿ ಹಿಡಿದು ಪರದೆಯ ಹಾಗೆ ನಿಂತಿದ್ದಾಳೆ. ಎದುರಿಗೆ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಮೊಬೈಲನ್ನು ಎರಡೂ ಕೈಯಲ್ಲಿ ಹಳೇ ಕ್ಯಾಮೆರಾ ಹಿಡಿದಂತೆ ಹಿಡಿದಿರುವವರು ಅಬ್ದುಲಸಮದ.

"ಅಕ್ಕಾರ, ಗದ್ದ ಜರಾ ಮ್ಯಾಲ. ಹಾಂ. ಈಗ ಕಣ್ಣು ಬಡೀರಿ."

"ಯಾಕ?"

"ಮೊಬೈಲ್ ಕೇಳಾಕತ್ತೈತ್ರಿ. ಮುಂದ ಕೂತದ್ದು ಜೀವಂತ ಮನಶ್ಯಾಳೋ ಫೋಟೋನೋ ಅಂತ ಅದಕ್ಕ ಗೊತ್ತಾಗಬೇಕಲ್ಲ. ಒಂದ ಸಲ ಕಣ್ಣು ಹೊಡದ್ರ ಸಾಕು."

ರುದ್ರವ್ವ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. "ಏ ಸಮದ್ಯಾ! ನನ್ನ ಲಗ್ನದ ಮರುವರ್ಷದಿಂದ ನನ್ನ ಫೋಟೋ ತಗೀಲಿಕತ್ತೀದಿ. ಒಂದ ದಿನ ಹಿಂಗ ಕೇಳಿದಾಂವಲ್ಲ. ಈಗ ಹಲ್ಲು ಬಿದ್ದ ಮ್ಯಾಲ ಕಣ್ಣು ಹೊಡಿ ಅಂತೀಯೇನ್ಲೇ?"

ಧೋತರ ಹಿಡಿದ ಸೊಸೆ ನಗು ತಡೆಯಲಾಗದೆ ಅಲುಗುತ್ತಾಳೆ, ಧೋತರವೂ ಅಲುಗುತ್ತದೆ. ರುದ್ರವ್ವನಿಗೂ ನಗು. ನಕ್ಕರೆ ಕಣ್ಣು ತಾನೇ ಮುಚ್ಚಿ ತೆರೆಯುತ್ತದಲ್ಲ, ಅಷ್ಟು ಸಾಕಾಯಿತು. ಮೊಬೈಲಿನಲ್ಲಿ ಹಸಿರು ಗುರುತು ಬೀಳುತ್ತದೆ. "ಆತು ನೋಡ್ರಿ. ಗೆದ್ರಿ," ಎಂದು ಸಮದಣ್ಣ ಮೊಣಕಾಲಿನ ಧೂಳು ಕೊಡವಿಕೊಂಡು ಏಳುತ್ತಾರೆ. ಅಲ್ಲಿಗೆ ರುದ್ರವ್ವ, ಎಪ್ಪತ್ತು ತುಂಬಿದವರಿಗೆ ಕೇಂದ್ರ ಸರ್ಕಾರ ಕೊಡುವ ವಯ ವಂದನಾ ಕಾರ್ಡಿನ ಒಡತಿ. ಇನ್ನು ಮುಂದೆ ಅವರು ಆಸ್ಪತ್ರೆ ಸೇರಬೇಕಾಗಿ ಬಂದರೆ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಗೆ ಕೈಯಿಂದ ಕೊಡಬೇಕಿಲ್ಲ.

ಸಮದಣ್ಣನಿಗೆ ಎಪ್ಪತ್ತೊಂದು. ಊರು ಟಿಕೋಟಾ. ಮೂವತ್ತೈದು ವರ್ಷ ಅಲ್ಲಿನ ರೋಶನಿ ಫೋಟೋ ಸ್ಟುಡಿಯೊ ನಡೆಸಿದವರು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೊ ಮುಚ್ಚಿತು. "ನನ್ನ ಅಂಗಡಿ ಮುಚ್ಚಿಸಿದ್ದೂ ಇದ, ಈಗ ಅನ್ನ ಹಾಕಾಕತ್ತಿದ್ದೂ ಇದ. ಇದರ ಮ್ಯಾಲ ಸಿಟ್ಟಾಗಲೋ ಬ್ಯಾಡೋ ಗೊತ್ತಾಗವಲ್ದು," ಎಂದು ಮೊಬೈಲನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ. ಟಿಕೋಟಾದಲ್ಲಿ ಸೇವಾ ಕೇಂದ್ರ ನಡೆಸುವ ವಿಶಾಖಾ ಸಮದಣ್ಣನನ್ನು ಈ ಕೆಲಸಕ್ಕೆ ಕರೆದದ್ದು ಹದಿನಾಲ್ಕು ತಿಂಗಳ ಹಿಂದೆ. ಅವರ ಕೇಂದ್ರಕ್ಕೆ ಬರುವ ಮುದುಕರ ಮುಖವನ್ನು ಮೊಬೈಲು ಒಪ್ಪುತ್ತಲೇ ಇರಲಿಲ್ಲವಂತೆ.

"ಟ್ಯೂಬ್‌ಲೈಟ್ ಕೆಳಗ ಕೂಡಿಸಿ ಹತ್ತು ಹತ್ತು ಸಲ ಮಾಡಿದ್ರೂ ಆಗ್ತಿದ್ದಿಲ್ರಿ," ಎನ್ನುತ್ತಾರೆ ವಿಶಾಖಾ. "ಒಂದಿನ ಚಾಚಾ ಝೆರಾಕ್ಸಿಗೆ ಬಂದವರು ನಿಂತು ನೋಡಿದ್ರು. 'ಅವ್ವಿ, ಹಿಂದ ಕ್ಯಾಲೆಂಡರ್ ಐತಿ, ಮ್ಯಾಲಿಂದ ಬೆಳಕು ಬಿದ್ದು ಕಣ್ಣಾಗ ಕತ್ತಲಿ ಕೂತೈತಿ, ಅದಕ್ಕರ ಹೆಂಗ ತಿಳೀಬೇಕು' ಅಂದ್ರು. ಅಜ್ಜನ್ನ ಎಬ್ಬಿಸಿ ಹೊರಗ ಕಟ್ಟಿ ಮ್ಯಾಲ ಕೂಡಿಸಿದ್ರು. ಒಂದ ಸಲಕ್ಕ ಆತು. ಅವತ್ತ ಹೇಳಿದ್ನಿ, ಚಾಚಾ, ನಾಳಿಂದ ನೀವ ಬರ್ರಿ ಅಂತ."

ಬೆಳಗಿನ ಹೊತ್ತನ್ನು ಸಮದಣ್ಣ ಆರಿಸಿಕೊಂಡದ್ದಕ್ಕೆ ಕಾರಣವೂ ಬೆಳಕೇ. ಸೂರ್ಯ ಹುಟ್ಟಿ ಎರಡು ತಾಸಿನೊಳಗಿನ ಬೆಳಕು ಮುಖಕ್ಕೆ ಅಡ್ಡ ಬೀಳುತ್ತದೆ, ಪೊರೆ ಬಂದ ಕಣ್ಣೂ ಹೊಳೆಯುತ್ತದೆ. "ಹತ್ತು ಗಂಟೆ ಆತಂದ್ರ ನಮ್ಮ ಬಿಸಿಲು ನಿಮಗ ಗೊತ್ತದ. ಮುದುಕರು ಕಣ್ಣ ತಗ್ಯೂದಿಲ್ಲ," ಎನ್ನುತ್ತಾರೆ. ಹಾಗಾಗಿ ಅವರ ಟಿವಿಎಸ್ ಗಾಡಿ ನಸುಕಿನಲ್ಲೇ ಹೊರಡುತ್ತದೆ. ಒಂದು ದಿನ ಬಬಲೇಶ್ವರದ ಕಡೆ, ಒಂದು ದಿನ ಅರಕೇರಿ, ಮಂಗಳವಾರ ವಿಜಯಪುರ. ಗಾಡಿಯ ಡಿಕ್ಕಿಯಲ್ಲಿ ಒಗೆದು ಮಡಿಸಿದ ಬಿಳಿ ಧೋತರ, ಒದ್ದೆ ಟವೆಲು, ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ, ಬೆರಳು ಒತ್ತಿಸುವ ಯಂತ್ರ.

ಬೆರಳಿನ ಮಾತು ಬೇರೆಯೇ ಇದೆ. ಆಧಾರ್ ಪ್ರಕಾರ ಇಂಥವರೇ ಹೌದು ಎಂದು ತೋರಿಸಲು ಮೂರ್ನಾಲ್ಕು ದಾರಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿ ಹೇಳಬಹುದು, ಬೆರಳು ಒತ್ತಬಹುದು, ಕಣ್ಣು ಅಥವಾ ಮುಖ ತೋರಿಸಬಹುದು. ಆದರೆ ಅರ್ಧ ಜನರ ನಂಬರು ಯಾವಾಗಲೋ ಬಂದಾದ ಸಿಮ್ಮಿನದು, ಉಳಿದರ್ಧ ಅಳಿಯನದು, ಅಳಿಯ ಪುಣೆಯಲ್ಲಿ. ಬೆರಳಂತೂ ಈ ಸೀಮೆಯಲ್ಲಿ ಕಷ್ಟವೇ. ಐವತ್ತು ವರ್ಷ ರೊಟ್ಟಿ ಬಡಿದ ಕೈ, ದ್ರಾಕ್ಷಿ ತೋಟದಲ್ಲಿ ಔಷಧ ಮುಟ್ಟಿದ ಕೈ. "ಬೆರಳಿನ ಗೆರಿ ಎಲ್ಲಾ ಸವದು ಹೋಗಿರ್ತಾವ್ರಿ. ಗೆರಿ ಎಲ್ಲಿ ಹೋದ್ವು ಅಂದ್ರ ಮುಖಕ್ಕ ಬಂದಾವ. ಅದಕ್ಕ ನಾ ಮುಖಾನ ಹಿಡೀತೀನಿ."

ದಿನಕ್ಕೆ ಮೂರ್ನಾಲ್ಕು ಕಾರ್ಡು. ಹದಿನಾಲ್ಕು ತಿಂಗಳಲ್ಲಿ ಒಂದು ಸಾವಿರದ ನೂರ ನಲವತ್ತಾರು. ಈ ಎಣಿಕೆ ಯಾವ ಕಂಪ್ಯೂಟರಿನದೂ ಅಲ್ಲ. ಸ್ಟುಡಿಯೊದ ಹಳೇ ಆರ್ಡರ್ ಪುಸ್ತಕದಲ್ಲಿ ಪಾಸ್‌ಪೋರ್ಟ್ ಸೈಜ್, ಪೋಸ್ಟ್‌ಕಾರ್ಡ್ ಸೈಜ್ ಎಂದು ಅಚ್ಚಾಗಿದ್ದ ಕಾಲಮ್ಮುಗಳನ್ನು ಹೊಡೆದು 'ಮುಖ', 'ಬೆರಳು', 'ಓಟಿಪಿ' ಎಂದು ಬರೆದುಕೊಂಡಿದ್ದಾರೆ. ರುದ್ರವ್ವನ ಹೆಸರಿನ ಮುಂದೆ ಮುಖದ ಕಾಲಮ್ಮಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ 'ನಕ್ಕರು' ಎಂದು ಬರೆಯುತ್ತಾರೆ. ಯಾಕೆ ಎಂದು ಕೇಳಿದರೆ, "ಸುಮ್ನ, ನೆಪ್ಪಿರ್ಲಿ ಅಂತ."

ಓಣಿಯಿಂದ ಓಣಿಗೆ ಹೋಗುವಾಗ ಅವರಿಗೆ ಪ್ರಶ್ನೆಗಳು ಮುತ್ತುತ್ತವೆ. ನಮಗ ಎಕರೆ ಹೊಲ ಐತಿ, ಬರತೈತೇನು? ಬರತೈತಿ. ಮಗ ನೌಕರ್ಯಾಗ ಇದಾನ, ನಡೀತೈತೇನು? ನಡೀತೈತಿ. "ಬಡವ ಸಾವಕಾರ ಅಂತ ಇಲ್ರಿ ಇದಕ್ಕ. ಆಧಾರದಾಗ ಎಪ್ಪತ್ತು ತುಂಬಿರಬೇಕು. ಅಷ್ಟ," ಎಂದು ದಿನಕ್ಕೆ ಐವತ್ತು ಸಲ ಹೇಳುತ್ತಾರೆ. ಮನೆಯವರಿಗೆಲ್ಲ ಮೊದಲೇ ಆಯುಷ್ಮಾನ್ ಕಾರ್ಡು ಇದ್ದರೂ ಎಪ್ಪತ್ತು ದಾಟಿದವರು ಇದನ್ನು ಬೇರೆ ಮಾಡಿಸಬೇಕು, ಅವರ ಪಾಲಿಗೆ ಇದು ಹೆಚ್ಚಿನದು. ಖಾಸಗಿ ವಿಮೆ ಕಟ್ಟಿದವರಿಗೂ ಅಡ್ಡಿಯಿಲ್ಲ. ಕೇಂದ್ರ ಸರ್ಕಾರದ ಬೇರೆ ಆರೋಗ್ಯ ಯೋಜನೆಯಲ್ಲಿ ಇರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಳೆದ ಮಂಗಳವಾರ ಜಲನಗರದ ನಿವೃತ್ತ ಅಧಿಕಾರಿಯೊಬ್ಬರು, "ಎರಡೂ ಇರ್ಲಿ ಬಿಡೋ ಮಾರಾಯಾ, ಒಂದು ಕಪಾಟಿನ್ಯಾಗ ಇಟ್ರಾತು," ಎಂದರಂತೆ. "ಸಾಹೇಬರ, ಇದು ಲಗ್ನದಾಗ ಬಂದ ಆಯೇರಿ ಡಬ್ಬಿ ಅಲ್ರಿ ಎತ್ತಿಡಾಕ," ಎಂದು ಸಮದಣ್ಣ ಎದ್ದು ಬಂದರಂತೆ.

ಗಟ್ಟಿಯಾದ ಪ್ರಶ್ನೆ ಒಂದೇ. ವಯಸ್ಸು. ನಿಜದ ವಯಸ್ಸಲ್ಲ, ಕಾಗದದ ವಯಸ್ಸು. ಆಧಾರ್ ಮಾಡಿಸುವಾಗ ಈ ಕಡೆಯ ಹಿರಿಯರಲ್ಲಿ ಹೆಚ್ಚಿನವರಿಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ಅಂದಾಜಿಗೊಂದು ವಯಸ್ಸು ಹೇಳಿದರು, ಬರೆದುಕೊಂಡವನು ಆ ವರ್ಷದ ಜನವರಿ ಒಂದನ್ನು ಹಾಕಿದ. "ಹೊಸ ವರ್ಷದ ದಿನ ಇಡೀ ಊರ ಮುದುಕರ ಬರ್ತ್‌ಡೇ ನೋಡ್ರಿ. ಕೇಕ್ ಸಾಲೂದಿಲ್ಲ," ಎಂದು ಸಮದಣ್ಣ ನಗುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ. ಎಂಬತ್ತರ ಹತ್ತಿರದ ಮುದುಕ ಕೋಲೂರಿಕೊಂಡು ಬಂದು ಕೂಡುತ್ತಾನೆ, ಆಧಾರ್ ಅರವತ್ತೇಳು ಎನ್ನುತ್ತದೆ. ವಾಪಸ್ ಕಳಿಸಬೇಕು. ಬಾಗಿದ ಆ ಬೆನ್ನನ್ನು ನೋಡಿಕೊಂಡೇ 'ಇನ್ನೂ ಸಣ್ಣವರದೀರಿ' ಎಂದು ಹೇಳಬೇಕು.

ಅಂಥವರಿಗಾಗಿ ಆರ್ಡರ್ ಪುಸ್ತಕದ ಹಿಂದಿನಿಂದ ಬೇರೆ ಪಟ್ಟಿ ಶುರುವಾಗಿದೆ. ಮೇಲೆ 'ಕಾಗದಕ್ಕ ಸಣ್ಣವರು' ಎಂಬ ತಲೆಬರಹ. ಇನ್ನೂರ ಹನ್ನೆರಡು ಹೆಸರು. ಒಂದೊಂದು ಹೆಸರಿನ ಮುಂದೆ ಕಾಗದದ ಪ್ರಕಾರ ಎಪ್ಪತ್ತು ತುಂಬುವ ದಿನ. ಆ ದಿನ ಬಂದರೆ ಯಾರೂ ಕರೆಯದಿದ್ದರೂ ಸಮದಣ್ಣ ಆ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಾರೆ. ಹನ್ನೊಂದು ಮನೆಗಳ ಮುಂದೆ ಹೀಗೆ ನಿಂತಾಗ ಒಳಗಿಂದ ಬಂದವರು 'ಹೋಗಿ ಎರಡು ತಿಂಗಳಾತ್ರಿ' ಎಂದು ಹೇಳಿದ್ದೂ ಇದೆ. ಆ ಹನ್ನೊಂದು ಹೆಸರುಗಳ ಮೇಲೆ ಗೆರೆ ಎಳೆದಿಲ್ಲ. "ಅಳಸೂದು ನನಗ ಆಗೂದಿಲ್ರಿ ಈಗ," ಎನ್ನುತ್ತಾರೆ.

ಆ ಪಟ್ಟಿಯ ಮೊದಲ ಹೆಸರು: ಸಬೀರಾ, ಟಿಕೋಟಾ. ಎಪ್ಪತ್ತು ತುಂಬಲು ಇನ್ನೂ ಮೂರು ವರ್ಷ ಚಿಲ್ಲರೆ. ಆಕೆ ಅವರ ಹೆಂಡತಿ.

ಟಿಕೋಟಾದ ಮನೆಗೆ ಹೋದಾಗ ಸಬೀರಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿರುತ್ತಾರೆ. "ಬರ್ರಿ, ಕೂಡ್ರಿ. ನಾ ಏಳೂದಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ. ಎದ್ದು ಮತ್ತ ಕೂಡೂದ್ರಾಗ ನಿಮ್ಮ ಚಾ ಆರತೈತಿ," ಎಂದು ನಗುತ್ತಾರೆ. ಎರಡೂ ಮೊಣಕಾಲು ಸವೆದಿವೆ. ಎಲುಬಿಗೆ ಎಲುಬು ತಿಕ್ಕುತ್ತಿದೆ, ಬದಲಿಸಬೇಕು ಎಂದು ವಿಜಯಪುರದ ಡಾಕ್ಟರು ಹೇಳಿ ಎರಡು ವರ್ಷವಾಯಿತು. ಮಗ ಉಮರ ದ್ರಾಕ್ಷಿ ಹೇರಲು ಟೆಂಪೋ ತೆಗೆದುಕೊಳ್ಳುವಾಗ ಆದಾಯ ತೆರಿಗೆಯ ರಿಟರ್ನ್ ತುಂಬಿದ, ಮನೆಯ ಬಿಪಿಎಲ್ ಕಾರ್ಡು ಹೋಯಿತು. ಅದರ ಜೊತೆಗೆ ಅದರ ಮೇಲೆ ಸಿಗುತ್ತಿದ್ದ ಚಿಕಿತ್ಸೆಯೂ ದೂರವಾಯಿತು. ಈಗ ಉಳಿದ ದಾರಿ ಎಪ್ಪತ್ತರದೊಂದೇ.

ಸಮದಣ್ಣನ ಹತ್ತಿರ ಅವರ ಸ್ವಂತ ಕಾರ್ಡು ಇದೆ. ಎಪ್ಪತ್ತೊಂದರಲ್ಲೂ ದಿನಕ್ಕೆ ಅರವತ್ತು ಕಿಲೋಮೀಟರು ಗಾಡಿ ಹೊಡೆಯುವ ಮನುಷ್ಯ. "ನನಗ ನೆಗಡಿ ಸೈತ ಬರೂದಿಲ್ಲ. ನನ್ನ ಕಾರ್ಡು ಗೂಟಕ್ಕ ನೇತಾಡಾಕತ್ತೈತಿ. ಗಂಡನ ಕಾರ್ಡಿನ್ಯಾಗ ಹೆಂಡ್ತಿ ಬರೂದಿಲ್ರಿ. ಆಕಿಗೂ ಎಪ್ಪತ್ತ ತುಂಬಿರಬೇಕು."

"ತುಂಬ್ಯಾವಲ್ಲ," ಎನ್ನುತ್ತಾರೆ ಸಬೀರಾ. "ಎಪ್ಪತ್ಮೂರು. ನಾ ಇವರಿಗಿಂತ ಎರಡು ವರ್ಷ ದೊಡ್ಡಾಕಿ."

ಸಬೀರಾ ಸಮದಣ್ಣನ ಸೋದರಮಾವನ ಮಗಳು. ಮಾವ ಯಾಕೂಬ ಬಬಲೇಶ್ವರದಿಂದ ಪೇಟೆಗೆ ಟಾಂಗಾ ಹೊಡೆಯುತ್ತಿದ್ದವರು. ಚಿಕ್ಕ ಸಮದ ಆ ಟಾಂಗಾ ಹತ್ತುವಾಗ ಕೈ ಹಿಡಿದು ಎಳೆದುಕೊಳ್ಳುತ್ತಿದ್ದವಳು ಸಬೀರಾ. ಅವರ ಮನೆಮಾತಿನಲ್ಲಿ ಅಕ್ಕನಿಗೆ ಆಪಾ ಎನ್ನುತ್ತಾರೆ. ಇವರಿಗೂ ಆಕೆ ಸಬೀರಾ ಆಪಾ. ಮುಂದೆ ಇಬ್ಬರಿಗೂ ಒಪ್ಪಿಗೆಯಾಗಿ ನಿಕಾ ಆಯಿತು. ನಾಲಿಗೆ ಮಾತ್ರ ಹಳೇ ರೂಢಿ ಬಿಡಲಿಲ್ಲ.

"ನಿಕಾ ಆದ ಮರುದಿನ ಬೆಳಿಗ್ಗಿ ಮನಿ ತುಂಬ ಮಂದಿ," ಸಬೀರಾ ಹೇಳುತ್ತಾರೆ. "ಇವರಿಗೆ ನೀರಡಿಸಿತ್ತು. ಎಲ್ಲಾರ ಮುಂದ 'ಆಪಾ, ಜರಾ ಪಾನಿ' ಅಂದಬಿಟ್ರು! ಅವತ್ತಿಂದ ಊರು ಬಿಟ್ಟಿಲ್ಲ ಇವರನ್ನ."

"ಇನ್ನೂ ಬಿಟ್ಟಿಲ್ಲ," ಎನ್ನುತ್ತಾರೆ ಸಮದಣ್ಣ.

ಬಿಡಲಿಲ್ಲವೆಂಬುದೇ ಈ ಕತೆಯ ಗಂಟು. ಹದಿಮೂರು ವರ್ಷದ ಹಿಂದೆ ಊರ ಶಾಲೆಯ ಪಡಸಾಲೆಯಲ್ಲಿ ಆಧಾರ್ ಶಿಬಿರ. ಓಣಿಗೆ ಓಣಿಯೇ ಸಾಲು ನಿಂತಿದೆ. ಸಮದಣ್ಣ ಶಾಲೆ ಕಲಿತವರು, ಅವರ ತಾರೀಖು ಸರಿಯಾಗಿಯೇ ಬಿತ್ತು. ಸಬೀರಾ ಕುರ್ಚಿಗೆ ಕೂತರು. ಬರೆದುಕೊಳ್ಳುವವನು, "ಇವರ ವಯಸ್ಸು?" ಎಂದ. ಸಾಲಿನ ಹಿಂದಿನಿಂದ ಗೆಳೆಯನೊಬ್ಬ ಕೂಗಿದ: "ಸಮದ, ಆಪಾನ ವಯಸ್ಸು ಖರೇ ಹೇಳ ಮತ್ತ!" ಇಡೀ ಸಾಲು ನಕ್ಕಿತು. ಆಗ ಸಮದಣ್ಣನಿಗೆ ಐವತ್ತೆಂಟು, ಸಬೀರಾಗೆ ಅರವತ್ತು. ಸಮದಣ್ಣ ಕಿವಿ ಬಿಸಿಯಾಗಿ, "ಐವತ್ಮೂರು ಬರಕೋರಿ," ಎಂದರು.

ಅಷ್ಟೇ ಆದದ್ದು. ಒಂದು ಮಾತು. ಜನವರಿ ಒಂದು, ಸಾವಿರದ ಒಂಬೈನೂರ ಐವತ್ತೊಂಬತ್ತು ಎಂದು ಬಿತ್ತು. ಹುಟ್ಟಿದ್ದು ಐವತ್ತೆರಡರಲ್ಲಿ. ಏಳು ವರ್ಷ ಹೋಯಿತು.

"ನಾ ಬಾಜೂಕ ಕೂತಿದ್ನಿ, ಕೇಳಿದ್ನಿ," ಎನ್ನುತ್ತಾರೆ ಸಬೀರಾ. "ತಿದ್ದಬಹುದಿತ್ತು. ತಿದ್ದಲಿಲ್ಲ. ಖರೇ ಹೇಳಬೇಕಂದ್ರ ಖುಷಿನೂ ಆಗಿತ್ತು. ಯಾವ ಹೆಣ್ಣಮಗಳಿಗೆ ಬ್ಯಾಡ್ರಿ ಏಳು ವರ್ಷ? ಮತ್ತ ಅದು ನನ್ನ ಕೆಲಸಾನ ಆಗಿತ್ತಲ್ಲ."

ಅವರ ಕೆಲಸವೆಂದರೆ ಇದು. ಕಪ್ಪುಬಿಳುಪಿನ ಕಾಲದಲ್ಲಿ ಫೋಟೋ ತೆಗೆದು, ನೆಗೆಟಿವ್ ತೊಳೆದ ಮೇಲೆ ಅದನ್ನು ತಿದ್ದುವುದು ಒಂದು ಕುಸುರಿ. ಪೆನ್ಸಿಲಿನ ಮೊನೆಯನ್ನು ಮರಳುಕಾಗದಕ್ಕೆ ತಿಕ್ಕಿ ಸೂಜಿಯಂತೆ ಮಾಡಿಕೊಂಡು, ನೆಗೆಟಿವ್‌ನಲ್ಲಿ ಮುಖದ ಗೆರೆ ಇರುವ ಕಡೆ ಉಸಿರು ಬಿಗಿಹಿಡಿದು ಚುಕ್ಕೆ ಚುಕ್ಕೆಯಾಗಿ ತುಂಬಬೇಕು. ಪ್ರಿಂಟು ಹಾಕಿದಾಗ ಆ ಗೆರೆ ಮಾಯ. ರೋಶನಿ ಸ್ಟುಡಿಯೊದಲ್ಲಿ ಮುಂದೆ ನಿಂತು ಫೋಟೋ ತೆಗೆದವರು ಸಮದಣ್ಣ, ಮನೆಯ ಮೇಲಿನ ಕೋಣೆಯಲ್ಲಿ ಉತ್ತರದ ಕಿಟಕಿಗೆ ಮುಖ ಮಾಡಿ ಸುತ್ತಲ ಹತ್ತೂರಿನ ಮುಖ ತಿದ್ದಿದವರು ಸಬೀರಾ. ಅವರ ಹೆಸರು ಯಾವ ಫೋಟೋದ ಹಿಂದೆಯೂ ಇಲ್ಲ. ಬೆಳಿಗ್ಗೆ ಕಂಡ ರುದ್ರವ್ವನ ಮನೆಯ ಗೋಡೆಯ ಮೇಲೆ ಅವರ ಅತ್ತೆಯ ಫೋಟೋ ತೂಗುತ್ತಿದೆ, ಎಪ್ಪತ್ತರ ಮುದುಕಿ ಐವತ್ತರವಳಂತೆ. ಅದೂ ಇವರ ಪೆನ್ಸಿಲೇ.

"ಊರ ಮಂದಿ ವಯಸ್ಸು ನಾ ಅಳಸೀನಿ, ನನ್ನ ವಯಸ್ಸು ಇವರು ಅಳಿಸ್ಯಾರ," ಎಂದು ಸಬೀರಾ ಗಂಡನ ಕಡೆ ನೋಡುತ್ತಾರೆ. "ಆದ್ರ ನಾ ಪೆನ್ಸಿಲಿನ್ಯಾಗ ಅಳಸ್ತಿದ್ನಿ. ಇವರು ಬಾಯಿಲೇ ಅಳಿಸಿಬಿಟ್ರು. ಕಸುಬು ನನಗಿಂತ ಛಲೋ ಬರತೈತಿ."

ಸಮದಣ್ಣ ಕಪ್ಪಿನೊಳಗಿನ ಚಹಾ ನೋಡುತ್ತಾರೆ.

ಆ ಕೋಣೆಗೆ ಮನೆಯೊಳಗಿಂದ ಹನ್ನೊಂದು ಮೆಟ್ಟಿಲು. ಕಲ್ಲಿನವು, ಕಡಿದಾದವು. ಸಬೀರಾ ಅವನ್ನು ಹತ್ತಿ ಐದು ವರ್ಷವಾಗಿದೆ. ಸೊಸೆ ವಾರಕ್ಕೊಮ್ಮೆ ಹೋಗಿ ಕಸ ಹೊಡೆದು ಬರುತ್ತಾಳೆ. ಮೇಜು, ಕನ್ನಡಿ, ನೆಗೆಟಿವ್ ಇಡುವ ಬೆಳಕಿನ ಚೌಕಟ್ಟು, ಡಬ್ಬಿಯಲ್ಲಿ ಪೆನ್ಸಿಲುಗಳು ಇದ್ದಲ್ಲೇ ಇವೆ. ಉತ್ತರದ ಕಿಟಕಿಯ ಚಿಲಕ ಹೋಗಿದೆ, ಗಾಳಿ ಬಂದಾಗ ಬಡಿದುಕೊಳ್ಳುತ್ತದೆ. ಉಮರ ಎರಡು ಸಲ ಚಿಲಕ ತಂದು ಹಾಕಲು ಹೋದನಂತೆ. ತಾಯಿ ಬಿಡಲಿಲ್ಲ.

"ಬಡ್ಕೋಲಿ ಬಿಡ ಅಂದೀನಿ," ಎನ್ನುತ್ತಾರೆ ಸಬೀರಾ. ದನಿ ಸಣ್ಣದಾಗುತ್ತದೆ. "ಕೆಳಗ ಕೂತು ಆ ಸಪ್ಪಳ ಕೇಳಿದ್ರ ಮ್ಯಾಲ ಯಾರೋ ಕೆಲಸ ಮಾಡಾಕತ್ತಾರ ಅನಸ್ತೈತಿ. ಈಗರ ಯಾರು ನೆಗೆಟಿವ್ ತರ್ತಾರ್ರಿ? ಯಾರೂ ತರೂದಿಲ್ಲ, ನನಗ ಗೊತ್ತೈತಿ. ಆದ್ರೂ ಒಂದ ಸಲ ಹತ್ತಿ ಹೋಗಿ, ನನ್ನ ಕುರ್ಚ್ಯಾಗ ಕೂತು, ಆ ಕಿಟಕಿ ನನ್ನ ಕೈಲೇ ಹಾಕಬೇಕು ಅನಸ್ತೈತಿ. ಬ್ಯಾರೇ ಯಾರೂ ಹಾಕಬಾರದು."

ಆಧಾರ್‌ನಲ್ಲಿ ಹುಟ್ಟಿದ ತಾರೀಖು ತಿದ್ದಿಸಲು ಬರುತ್ತದೆ. ಆದರೆ ಸಾಮಾನ್ಯವಾಗಿ ಒಂದೇ ಸಲ, ಅದಕ್ಕೂ ಕಾಗದದ ಆಧಾರ ಬೇಕು. ಸಮದಣ್ಣ ಇದನ್ನು ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. "ಫಿಲ್ಮ್ ಇದ್ದಂಗ್ರಿ. ಒಂದ ಸಲ ಬೆಳಕು ಬಿತ್ತು, ಮುಗೀತು. ಮತ್ತ ತಗೀಯಾಕ ಬರೂದಿಲ್ಲ. ಅದಕ್ಕ ಅವಸರ ಮಾಡಲಿಲ್ಲ ನಾ." ಅವಸರ ಮಾಡಿಸುವವರೂ ಬಂದಿದ್ದರು. ಪೇಟೆಯ ಒಬ್ಬ ಏಜೆಂಟ ಎರಡೇ ದಿನದಲ್ಲಿ ಬೇಕಾದ ತಾರೀಖಿನ ಜನನ ಪ್ರಮಾಣಪತ್ರ ಮಾಡಿಸಿ ಕೊಡುವುದಾಗಿ ಹೇಳಿದ. 'ಚಾಚಾ, ಸುಳ್ಳಂತೂ ಅಲ್ಲ, ಚಾಚಿಗೆ ಖರೇನ ಎಪ್ಪತ್ಮೂರು' ಎಂದ. ಸಮದಣ್ಣ ಒಂದು ರಾತ್ರಿ ವಿಚಾರ ಮಾಡಿ, ಮರುದಿನ ಬೇಡವೆಂದು ಹೇಳಿ ಬಂದರು. "ವಯಸ್ಸು ಖರೇ. ಕಾಗದ ಸುಳ್ಳು. ಒಮ್ಮೆ ಬಾಯಿಲೇ ಸುಳ್ಳು ಹೇಳಿ ಆಕಿನ್ನ ಕುರ್ಚ್ಯಾಗ ಕೂಡಿಸೀನಿ. ಅದನ್ನ ತಗ್ಯಾಕ ಇನ್ನೊಂದು ಸುಳ್ಳು ಬ್ಯಾಡ್ರಿ."

ಉಳಿದದ್ದು ಶಾಲೆಯ ದಾಖಲೆ. ಸಬೀರಾ ಬಬಲೇಶ್ವರದಲ್ಲಿ ಉರ್ದು ಶಾಲೆಗೆ ಮೂರು ವರ್ಷ ಹೋಗಿದ್ದರು. ಈಗಿನ ಮುಖ್ಯೋಪಾಧ್ಯಾಯಿನಿ ನಿಖತ, ಮೂವತ್ತೆಂಟರ ಚುರುಕಿನ ಹೆಣ್ಣುಮಗಳು, ಮೊದಲು ತಲೆ ಅಲ್ಲಾಡಿಸಿದರು. ಅಷ್ಟು ಹಳೆಯ ಹಾಜರಿ ಪುಸ್ತಕಗಳು ಎಲ್ಲಿವೆಯೋ. ಆದರೆ ಸಮದಣ್ಣ ಬಿಡುವವರಲ್ಲ. ಬಬಲೇಶ್ವರದ ಕಡೆ ಬಂದ ದಿನವೆಲ್ಲ ಕೆಲಸ ಮುಗಿಸಿ ಶಾಲೆಯ ಮುಂದೆ ಗಾಡಿ ನಿಲ್ಲಿಸಿ ಸುಮ್ಮನೆ ಕಟ್ಟೆಯ ಮೇಲೆ ಕೂಡುತ್ತಿದ್ದರು.

"ಏನೂ ಕೇಳ್ತಿದ್ದಿಲ್ರಿ ಅವರು, ಅದ ತ್ರಾಸು," ಎನ್ನುತ್ತಾರೆ ನಿಖತ. "ಕೇಳಿದ್ರ ಇಲ್ಲ ಅನ್ನಬಹುದಿತ್ತು. ಸುಮ್ನ ಕೂತ್ರ ಏನನ್ನೂದು? ಕಡೀಕ ಎರಡು ಶನಿವಾರ ಟ್ರಂಕು ತಗದು ಕೂತ್ನಿ."

ಎರಡನೇ ಶನಿವಾರ, ತಳದ ದಾಖಲಾತಿ ಪುಸ್ತಕದಲ್ಲಿ ಸಿಕ್ಕಿತು. ಉರ್ದುವಿನಲ್ಲಿ, ಕೆಂಪು ಶಾಯಿಯ ಗೆರೆಗಳ ನಡುವೆ. ತಂದೆ ಯಾಕೂಬ, ಕಸುಬು ಟಾಂಗಾ. ಆ ಪುಟದ ಉಳಿದೆಲ್ಲ ಮಕ್ಕಳ ಹುಟ್ಟಿದ ದಿನ ಜೂನ್ ಒಂದು. ಒಬ್ಬಳದು ಮಾತ್ರ ಬೇರೆ. ಅಕ್ಟೋಬರ್ ಮೂರು, ಐವತ್ತೆರಡು.

ಓದು ಬರಹ ಬಾರದ ಯಾಕೂಬ ತಾರೀಖನ್ನು ಹೇಗೆ ಹೇಳಿದರು ಎಂದು ಕೇಳಿದರೆ ಸಬೀರಾ ಬಳಿ ಉತ್ತರವಿದೆ. "ಮೊಹರಂ ಆಗಿ ಮೂರನೇ ದಿನ ಹುಟ್ಟೀದಿ ಅಂತ ಅಮ್ಮಿ ಹೇಳ್ತಿದ್ಲು. ಮೊಹರಂದಾಗ ಅಬ್ಬಾ ಟಾಂಗಾ ಕಟ್ಟತಿದ್ದಿಲ್ಲ. ಮತ್ತ ಟಾಂಗಾ ಕಟ್ಟಿದ ಮೊದಲನೇ ದಿನಾನ ನಾ ಹುಟ್ಟೀನಂತ. ಪೇಟಿಗೆ ಹೋದಾಗ ಯಾರೋ ಓದಬಲ್ಲವರನ್ನ ಕೇಳಿ ತಾರೀಖು ಬಾಯಿಪಾಠ ಮಾಡ್ಕೊಂಡು ಬಂದಿದ್ನಂತ. ನೋಡ್ರಿ, ಸಹಿ ಮಾಡಾಕ ಬರದ ಮನಶ್ಯಾ ಮಗಳ ವಯಸ್ಸು ಅಷ್ಟು ಜ್ವಾಕ್ಯಾಗಿ ಬರಸಿದ್ದ."

ಮಾವ ಕಾಯ್ದಿಟ್ಟದ್ದನ್ನು ಅಳಿಯ ಕಳೆದಿದ್ದರು. ಸಮದಣ್ಣ ಎದ್ದು ಹೊರಗೆ ಗಾಡಿಯ ಕಡೆ ಹೋಗಿ, ಧೋತರ ತೆಗೆದು ಮತ್ತೆ ಮಡಿಸಿ ಬಂದರು.

ನಿಖತ ದಾಖಲೆಯ ಪ್ರತಿ ಬರೆದು, ಸೀಲು ಹಾಕಿ ಕೊಟ್ಟರು. ಇನ್ನೊಂದು ತೊಡಕು ಆಗ ಕಂಡಿತು. ಉರ್ದುವಿನಲ್ಲಿ ಬರೆದದ್ದನ್ನು ಇದ್ದಂತೆ ಕನ್ನಡಕ್ಕೆ ತಂದರೆ 'ಸಾಬಿರಾ' ಆಗುತ್ತದೆ. ಆಧಾರ್‌ನಲ್ಲಿ ಇರುವುದು 'ಸಬೀರಾ'. ಒಂದು ದೀರ್ಘ ಅತ್ತಿಂದ ಇತ್ತ ಸರಿದಿದೆ. ಇದ್ದದ್ದನ್ನು ಇದ್ದಂತೆಯೇ ಬರೆಯಬೇಕಲ್ಲವೇ, ನಿಖತ ಹಾಗೆಯೇ ಬರೆದರು, ಜೊತೆಗೆ ಇಬ್ಬರೂ ಒಬ್ಬರೇ ಎಂದು ಒಂದು ಪತ್ರ. ವಿಜಯಪುರದ ಆಧಾರ್ ಕೇಂದ್ರದಲ್ಲಿ ಅರ್ಜಿ ಕೊಟ್ಟು ಐದು ವಾರವಾಗಿದೆ. ಇದ್ದ ಒಂದೇ ಅವಕಾಶ ಅದರಲ್ಲಿ ಹೋಗಿದೆ. ಒಪ್ಪಿದರೆ ಸಬೀರಾಗೆ ಎಪ್ಪತ್ಮೂರು. ಒಪ್ಪದಿದ್ದರೆ ಅರವತ್ತಾರು, ಮತ್ತು ಹನ್ನೊಂದು ಮೆಟ್ಟಿಲು ಇನ್ನೂ ಮೂರು ವರ್ಷ ದೂರ. ಆ ಮೊಣಕಾಲು ಮೂರು ವರ್ಷ ಕಾಯುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದಾರೆ.

ಸಮದಣ್ಣನ ದಿನ ಈಗ ಶುರುವಾಗುವುದು ಬಬಲೇಶ್ವರದಲ್ಲೂ ಅಲ್ಲ, ಅರಕೇರಿಯಲ್ಲೂ ಅಲ್ಲ. ನಮಾಜು ಮುಗಿಸಿ, ಗಾಡಿ ಹೊರಗೆ ತೆಗೆಯುವ ಮುಂಚೆ ಹೊಸ್ತಿಲ ಮೇಲೆ ಕೂತು ಅರ್ಜಿಯ ನಂಬರು ಒತ್ತಿ ನೋಡುತ್ತಾರೆ. ನಂಬರು ಬಾಯಿಪಾಠವಾಗಿದೆ. 'ಪರಿಶೀಲನೆಯಲ್ಲಿದೆ' ಎಂದು ಬರುತ್ತದೆ. ಒಳಗಿನ ಕುರ್ಚಿಯಿಂದ ಸಬೀರಾ, "ಏನಂತ?" ಎನ್ನುತ್ತಾರೆ. "ನೋಡಾಕತ್ತಾರಂತ," ಎನ್ನುತ್ತಾರೆ ಇವರು. ಐದು ವಾರದಿಂದ ದಿನವೂ ಇದೇ ಎರಡು ಮಾತು. ಆಮೇಲೆ ಇನ್ನೊಬ್ಬರ ಮನೆಯ ಕಟ್ಟೆಗೆ, ಇನ್ನೊಬ್ಬರ ಹೆಂಡತಿಯ, ಇನ್ನೊಬ್ಬರ ತಾಯಿಯ ಮುಖದ ಮುಂದೆ ಮೊಣಕಾಲೂರಲು ಹೊರಡುತ್ತಾರೆ.

ಇಷ್ಟೆಲ್ಲ ಆದರೂ ಅವರು ಈ ಕೆಲಸ ಮಾಡುವುದು ಪ್ರಾಯಶ್ಚಿತ್ತಕ್ಕೆಂದು ಯಾರಾದರೂ ಹೇಳಿದರೆ ಸಬೀರಾಗೆ ಸಿಟ್ಟು ಬರುತ್ತದೆ. "ಹಂಗೇನಿಲ್ರಿ. ಇವರಿಗೆ ಮುಖ ನೋಡದಿದ್ರ ಹೊತ್ತು ಹೋಗೂದಿಲ್ಲ. ಇವತ್ತು ಸಂಜಿಕ ಕೂತು ಬೆಳಿಗ್ಗಿ ಕಂಡ ಮುಖದ ಕತಿ ಹೇಳ್ತಾರ, ನೋಡ್ತಿರ್ರಿ."

ಹೇಳಿದರು ಕೂಡ. ರುದ್ರವ್ವ ಕಣ್ಣು ಹೊಡೆದದ್ದನ್ನೂ ಧೋತರ ಅಲುಗಿದ್ದನ್ನೂ ಅಭಿನಯಿಸಿ ತೋರಿಸಿದರು. ಸಬೀರಾ ನಕ್ಕು ನಕ್ಕು ಮೊಣಕಾಲು ಹಿಡಿದುಕೊಂಡರು. "ನನ್ನ ಪಾಳೆ ಬಂದಾಗ ನಾನೂ ಹೊಡೀತೀನಿ ಬಿಡ್ರಿ. ಸ್ವಂತ ಗಂಡಗ ಹೊಡದ್ರ ಯಾರೇನಂತಾರ?"

ಮೇಲೆ ಕಿಟಕಿ ಒಮ್ಮೆ ಬಡಿಯಿತು. ಇಬ್ಬರೂ ಮೆಟ್ಟಿಲ ಕಡೆ ನೋಡಿದರು.

ಆ ದಿನ ಬಂದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದಾಗ ಸಮದಣ್ಣ ಹೇಳುವುದು ಕಾರ್ಡಿನ ಮಾತಲ್ಲ. ಕಾರ್ಡಿನ ಫೋಟೋ ಮೊಬೈಲು ತೆಗೆಯುತ್ತದೆ, ಅದು ಯಾರ ಕೈಯಲ್ಲಿದ್ದರೂ ಅಷ್ಟೇ. ಕಾಲು ಸರಿಹೋಗಿ ಆಕೆ ಹನ್ನೊಂದನೇ ಮೆಟ್ಟಿಲು ಹತ್ತಿದ ಮೇಲೆ ತೆಗೆಯುವ ಫೋಟೋ ಒಂದಿದೆ. ಅದಕ್ಕೆಂದು ಹಳೇ ಕ್ಯಾಮೆರಾ ಒರೆಸಿಟ್ಟಿದ್ದಾರೆ, ಒಂದು ರೋಲು ಎಲ್ಲಿಂದಲೋ ತರಿಸಿಟ್ಟಿದ್ದಾರೆ.

"ಆಕಿ ಕುರ್ಚ್ಯಾಗ ಆಕಿನ್ನ ಕೂಡಸ್ತೀನಿ. ಉತ್ತರದ ಬೆಳಕು, ಬೆಳಗಿನ ಎಂಟು ಗಂಟೆ. ಆಪಾ, ಗದ್ದ ಮ್ಯಾಲ ಅಂತೀನಿ. ಅನ್ನವ ನಾ, ಮಂದಿ ನಕ್ರ ನಗಲಿ." ಸಮದಣ್ಣ ಆರ್ಡರ್ ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಇಡುತ್ತಾರೆ. "ಎಪ್ಪತ್ಮೂರು ವರ್ಷನೂ ಮುಖದಾಗ ಕಾಣಬೇಕ್ರಿ. ಅದಕ್ಕ ಪೆನ್ಸಿಲ್ ಮುಟ್ಟಸೂದಿಲ್ಲ."